ಗಂಜಿಗೆ ಇಳಿದ ವಾರದಲ್ಲಿ ಕೋಗುಚೆಕ್ ಎಕ್ಸ್‌ಎಸ್: ಮನೆಯ ಐಎನ್‌ಆರ್ ಮೀಟರನ್ನು ಎಷ್ಟು ನಂಬಬಹುದು?

ಆರೋಗ್ಯ ನೆಟ್ಟಗಿದ್ದು, ದಿನವೂ ಹೆಚ್ಚುಕಡಿಮೆ ಒಂದೇ ಬಗೆಯ ಊಟ ಮಾಡುತ್ತ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅಸಿಟ್ರೋಂ ಅಥವಾ ವಾರ್ಫ್ ಮಾತ್ರೆಯನ್ನು ತಪ್ಪದೆ ನುಂಗುವವರಿಗೆ ಮನೆಯಲ್ಲೊಂದು ಐಎನ್‌ಆರ್ ಮೀಟರ್ ಇರಲೇಬೇಕು ಎಂದೇನಿಲ್ಲ. ಐಎನ್‌ಆರ್ ಎಂದರೆ ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತಿದೆ ಎಂಬುದರ ಅಳತೆ: ಏರಿದರೆ ರಕ್ತಸ್ರಾವದ ಭಯ, ಇಳಿದರೆ ಹೆಪ್ಪಿನ ಭಯ. ತಿಂಗಳಿಗೊಮ್ಮೆ ಲ್ಯಾಬಿಗೆ ಹೋಗಿಬಂದರೆ ಕೆಲಸ ನಡೆಯುತ್ತದೆ. ರೋಶ್ ಕಂಪನಿಯ ಕೋಗುಚೆಕ್ ಎಕ್ಸ್‌ಎಸ್‌ಗೆ ಕೊಟ್ಟ ದುಡ್ಡು ವಸೂಲಾಗುವುದು ವರ್ಷದಲ್ಲಿ ಎರಡೋ ಮೂರೋ ವಾರ: ಜ್ವರ ಬಂದು ಬಾಯಿರುಚಿ ಕೆಟ್ಟ ವಾರ, ವಾಂತಿ-ಭೇದಿಯ ವಾರ, ಹಲ್ಲು ಕೀಳಿಸಿಕೊಂಡೋ ಆಪರೇಷನ್ ಆಗಿಯೋ ಅನ್ನ ಸೇರದ ವಾರ. ಈ ಮೀಟರಿನ ಕೊರತೆಗಳು ಎದ್ದು ಕಾಣುವುದೂ ಅದೇ ವಾರಗಳಲ್ಲಿ. ಆದ್ದರಿಂದ ಇಲ್ಲಿ ಅದರ ಅಂದಚಂದ, ಬ್ಯಾಗು, ಪರದೆ ಇವುಗಳ ಮಾತು ಕಡಿಮೆ. ಕಾಯಿಲೆಯ ವಾರದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಮುಖ್ಯ.

ಮೊದಲು ಇದು ಯಾರಿಗೆ ಎಂಬುದು. ಎದೆಯಲ್ಲಿ ಲೋಹದ ಕವಾಟ ಇರುವವರು, ರುಮ್ಯಾಟಿಕ್ ಜ್ವರದಿಂದ ಮೈಟ್ರಲ್ ಕವಾಟ ಕಿರಿದಾಗಿ ಜೊತೆಗೆ ಹೃದಯಬಡಿತವೂ ತಾಳ ತಪ್ಪಿರುವವರು ಇಂದಿಗೂ ಹಳೆಯ ಮಾತ್ರೆಗಳನ್ನೇ ನುಂಗಬೇಕು, ಅಂದರೆ ವಾರ್ಫರಿನ್ (ವಾರ್ಫ್) ಅಥವಾ ಅಸಿನೋಕೌಮರಾಲ್ (ಅಸಿಟ್ರೋಂ). ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ತಯಾರಾಗಿ 1990ರಲ್ಲಿ ಮೊದಲು ರೋಗಿಯೊಬ್ಬರಿಗೆ ಕೂಡಿಸಿದ ಚಿತ್ರಾ ಕವಾಟ ಇರಲಿ, ಹೊರದೇಶದ ಎರಡು ರೆಕ್ಕೆಯ ಕವಾಟ ಇರಲಿ, ಈ ಮಾತು ಬದಲಾಗುವುದಿಲ್ಲ. ಹೊಸ ಕಾಲದ ಡಾಬಿಗಾಟ್ರಾನ್ ಮಾತ್ರೆಯನ್ನು ಲೋಹದ ಕವಾಟದವರಿಗೆ ಕೊಟ್ಟು ನೋಡಿದ ಪ್ರಯೋಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ರುಮ್ಯಾಟಿಕ್ ಹೃದ್ರೋಗದವರಿಗೆ ಇನ್ನೊಂದು ಹೊಸ ಮಾತ್ರೆ ರಿವರಾಕ್ಸಬಾನ್ ಕೊಟ್ಟು ನೋಡಿದ 2022ರ ಇನ್ವಿಕ್ಟಸ್ ಅಧ್ಯಯನದಲ್ಲೂ ಹಳೆಯ ಮಾತ್ರೆಯೇ ಮೇಲು ಎಂದಾಯಿತು. ಹಾಗಾಗಿ ಈ ಗುಂಪಿನವರಿಗೆ ಐಎನ್‌ಆರ್ ಎಂಬ ಸಂಖ್ಯೆಯ ನಂಟು ಬಿಡುವುದಿಲ್ಲ. ಸಾಮಾನ್ಯವಾಗಿ ಗುರಿ 2ರಿಂದ 3. ಮೈಟ್ರಲ್ ಜಾಗದಲ್ಲಿ ಲೋಹದ ಕವಾಟವಿದ್ದರೆ 2.5ರಿಂದ 3.5. ನಿಮ್ಮ ಗುರಿ ಎಷ್ಟು ಎಂಬುದನ್ನು ವೈದ್ಯರು ಬರೆದುಕೊಟ್ಟಿರುತ್ತಾರೆ. ಅದನ್ನು ಮೀಟರಿನ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿಡಿ. ರಾತ್ರಿ ಹನ್ನೊಂದಕ್ಕೆ ಫೈಲು ಹುಡುಕುವುದು ತಪ್ಪುತ್ತದೆ.

ಊಟ ಬಿಟ್ಟರೆ ಐಎನ್‌ಆರ್ ಯಾಕೆ ಏರುತ್ತದೆ? ರಕ್ತ ಹೆಪ್ಪುಗಟ್ಟಿಸುವ 2, 7, 9, 10ನೆಯ ಅಂಶಗಳನ್ನು ಯಕೃತ್ತು ತಯಾರಿಸುವಾಗ ಕೊನೆಯ ಹಂತದಲ್ಲಿ ವಿಟಮಿನ್ ಕೆ ಬೇಕು. ಬಳಸಿದ ವಿಟಮಿನ್ ಕೆಯನ್ನು ದೇಹ ಮತ್ತೆ ಹೊಸದು ಮಾಡಿ ಬಳಸಿಕೊಳ್ಳುತ್ತದೆ. ವಾರ್ಫರಿನ್ ತಡೆಯುವುದು ಈ ಮರುಬಳಕೆಯನ್ನು. ಅಂದರೆ ಮಾತ್ರೆ ನುಂಗುವವರ ಯಕೃತ್ತು ಬಹುಮಟ್ಟಿಗೆ ಅಂದಂದಿನ ತಟ್ಟೆಯಿಂದ ಬರುವ ವಿಟಮಿನ್ ಕೆ ಮೇಲೆ ನಿಂತಿರುತ್ತದೆ, ದಾಸ್ತಾನು ಕೆಲವೇ ದಿನಗಳದು. ಈಗ ಜ್ವರದವರ ತಟ್ಟೆ ನೋಡಿ: ಅಕ್ಕಿ ಗಂಜಿ, ಮಜ್ಜಿಗೆ, ಬ್ರೆಡ್ಡು, ಎಳನೀರು, ಬಾಳೆಹಣ್ಣು. ಇವೆಲ್ಲದರಲ್ಲೂ ವಿಟಮಿನ್ ಕೆ ಇಲ್ಲವೆಂದರೂ ನಡೆಯುತ್ತದೆ. 100 ಗ್ರಾಂ ಹಸಿ ಪಾಲಕ್‌ನಲ್ಲಿ 480 ಮೈಕ್ರೋಗ್ರಾಂ ಆಸುಪಾಸು, ಕೊತ್ತಂಬರಿ ಸೊಪ್ಪಿನಲ್ಲಿ 310ರ ಹತ್ತಿರ, ಬೆಂದ ಎಲೆಕೋಸಿನಲ್ಲಿ 100ರ ಸುತ್ತ. ಎಣ್ಣೆಗಳಲ್ಲಿ ಸೋಯಾ ಎಣ್ಣೆಗೆ ಒಳ್ಳೆಯ ಪಾಲಿದೆ, 100 ಗ್ರಾಮಿಗೆ 180 ಮೈಕ್ರೋಗ್ರಾಂ ದಾಟುತ್ತದೆ. ನಮ್ಮ ಅಡುಗೆಮನೆಗಳ ಸೂರ್ಯಕಾಂತಿ, ಕಡಲೆ, ಕೊಬ್ಬರಿ ಎಣ್ಣೆಗಳಲ್ಲಿ ಲೆಕ್ಕಕ್ಕೆ ಬರುವಷ್ಟಿಲ್ಲ. ಆದ್ದರಿಂದ ಬಸ್ಸಾರು, ಸೊಪ್ಪಿನ ಪಲ್ಯ ನಿಂತ ದಿನವೇ ನಮ್ಮವರ ವಿಟಮಿನ್ ಕೆ ಕೂಡ ನಿಂತಂತೆ.

ಊಟ ನಿಲ್ಲುವುದು ಒಂದು ಕಾರಣ ಮಾತ್ರ. ಜ್ವರವಿದ್ದಾಗ ಹೆಪ್ಪುಗಟ್ಟಿಸುವ ಅಂಶಗಳು ಬೇಗ ಸವೆಯುತ್ತವೆ. ವಿಟಮಿನ್ ಕೆ ಜಿಡ್ಡಿನ ಜೊತೆ ಹೀರಿಕೆಯಾಗುವಂಥದ್ದು, ಭೇದಿಯಲ್ಲಿ ತಿಂದದ್ದೂ ಒಳಗೆ ಸೇರುವುದಿಲ್ಲ. ಕಾಮಾಲೆಯಾಗಿ ಪಿತ್ತ ಕರುಳಿಗಿಳಿಯದಿದ್ದರೆ ಇನ್ನೂ ಕಷ್ಟ. ಹೃದಯ ಸೋತು ಕಾಲು ಊದಿಕೊಂಡಾಗ ಯಕೃತ್ತಿನಲ್ಲೂ ರಕ್ತ ತುಂಬಿ ನಿಂತು ಅದರ ಕೆಲಸ ನಿಧಾನವಾಗುತ್ತದೆ, ಆಗಲೂ ಐಎನ್‌ಆರ್ ಏರುತ್ತದೆ. ಎದುರು ದಿಕ್ಕಿನದೂ ಒಂದಿದೆ: ವಾಂತಿಯಲ್ಲಿ ಮಾತ್ರೆಯೇ ಹೊರಬಿದ್ದರೆ ಐಎನ್‌ಆರ್ ಇಳಿಯಬಹುದು. ಒಂದೇ ಕಾಯಿಲೆಯಲ್ಲಿ ಎರಡೂ ಎಳೆದಾಟ ನಡೆಯುವುದರಿಂದಲೇ ಊಹೆ ಕೆಲಸಕ್ಕೆ ಬರುವುದಿಲ್ಲ, ಅಳೆಯಬೇಕು. ಮೀಟರಿನ ಅಗತ್ಯ ಇರುವುದು ಇಲ್ಲಿಯೇ.

ಅಳೆಯುವ ಕ್ರಮಕ್ಕೆ ಬರೋಣ. ರಕ್ತದ ಹನಿ ಹಾಕುವುದು ಮೀಟರಿಗೆ ತೂರಿಸುವ ಪರೀಕ್ಷಾ ಪಟ್ಟಿಯ ಮೇಲೆ. ಪ್ರತಿ ಪಟ್ಟಿ ಡಬ್ಬಿಯ ಜೊತೆ ಒಂದು ಕೋಡ್ ಚಿಪ್ ಬರುತ್ತದೆ. ಹೊಸ ಡಬ್ಬಿ ಒಡೆದಾಗ ಹಳೆಯ ಚಿಪ್ ತೆಗೆದು ಹೊಸದನ್ನು ಹಾಕಬೇಕು. ಪಟ್ಟಿಯನ್ನು ತೂರಿಸಿದೊಡನೆ ಮೀಟರ್ ತಾನೇ ಚಾಲೂ ಆಗಿ ಕೋಡ್ ಸಂಖ್ಯೆ ತೋರಿಸುತ್ತದೆ. ಅದು ಡಬ್ಬಿಯ ಮೇಲಿನ ಸಂಖ್ಯೆಗೆ ತಾಳೆಯಾದರೆ ಗುಂಡಿ ಒತ್ತಿ. ಮೀಟರ್ ಪಟ್ಟಿಯನ್ನು ಬೆಚ್ಚಗೆ ಮಾಡಿಕೊಂಡ ಮೇಲೆ 180 ಸೆಕೆಂಡಿನ ಎಣಿಕೆ ಶುರುವಾಗುತ್ತದೆ. ಅಷ್ಟರೊಳಗೆ ರಕ್ತ ಹಾಕಬೇಕು. ಬೆರಳು ಚುಚ್ಚುವುದು ಎಣಿಕೆ ಶುರುವಾದ ಮೇಲೆ, ಮೊದಲಲ್ಲ. ಚುಚ್ಚಿದ 15 ಸೆಕೆಂಡಿನೊಳಗೆ ಮೊದಲ ಹನಿಯನ್ನೇ ಪಟ್ಟಿಯ ಅಂಚಿಗೆ ಮುಟ್ಟಿಸಬೇಕು. ಸಕ್ಕರೆ ಪರೀಕ್ಷೆಯ ಅಭ್ಯಾಸವಿದ್ದವರು ಮೊದಲ ಹನಿಯನ್ನು ಒರೆಸಿ ಎರಡನೆಯದನ್ನು ಹಾಕುತ್ತಾರೆ. ಇಲ್ಲಿ ಹಾಗೆ ಮಾಡಿದರೆ ರಕ್ತ ಆಗಲೇ ಹೆಪ್ಪುಗಟ್ಟಲು ಶುರುಮಾಡಿರುತ್ತದೆ, ಫಲಿತಾಂಶ ಕೆಡುತ್ತದೆ. ಹನಿ ಸಾಲಲಿಲ್ಲವೆಂದು ಮೇಲಿಂದ ಮತ್ತೊಂದು ಹನಿ ಸೇರಿಸುವುದೂ ತಪ್ಪು. ಆ ಪಟ್ಟಿ ಬಿಸಾಡಿ, ಬೇರೆ ಬೆರಳು, ಬೇರೆ ಪಟ್ಟಿ. ಸರಿಯಾಗಿ ನಡೆದರೆ ಪಟ್ಟಿ ಕೆಟ್ಟಿಲ್ಲವೆಂದು ಮೀಟರ್ ತಾನೇ ಒಳಗಿಂದೊಳಗೆ ಪರೀಕ್ಷಿಸಿಕೊಂಡು, ಸುಮಾರು ಒಂದು ನಿಮಿಷದಲ್ಲಿ ಸಂಖ್ಯೆ ತೋರಿಸುತ್ತದೆ.

ಬೇಕಾದ ರಕ್ತ 8 ಮೈಕ್ರೋಲೀಟರ್. ಕೇಳಲು ಸಣ್ಣದು, ಆದರೆ ಈಗಿನ ಗ್ಲೂಕೋಮೀಟರಿಗೆ ಬೇಕಾದ್ದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಸಕ್ಕರೆ ಪರೀಕ್ಷೆಯ ಕೂದಲೆಳೆಯಂಥ 30 ಗೇಜ್ ಸೂಜಿ ಇಲ್ಲಿ ಸಾಲದು. 21 ಗೇಜಿನ ಸೇಫ್ಟಿ ಲ್ಯಾನ್ಸೆಟ್ ಇಟ್ಟುಕೊಳ್ಳಿ. ವಾಂತಿ-ಭೇದಿಯಾಗಿ ನೀರು ಆರಿದವರ ಬೆರಳು ತಣ್ಣಗಿರುತ್ತದೆ, ರಕ್ತ ಬರುವುದೇ ಇಲ್ಲ. ಆಗ ಜನ ಬೆರಳನ್ನು ನಿಂಬೆಹಣ್ಣಿನಂತೆ ಹಿಂಡುತ್ತಾರೆ. ಹಿಂಡಿದರೆ ಮಾಂಸದೊಳಗಿನ ನೀರು ರಕ್ತಕ್ಕೆ ಬೆರೆತು ಅಳತೆ ತಪ್ಪುತ್ತದೆ. ಬಿಸಿನೀರಿನಲ್ಲಿ ಕೈ ತೊಳೆದು, ಚೆನ್ನಾಗಿ ಒರೆಸಿ, ಕೈಯನ್ನು ಒಂದೆರಡು ನಿಮಿಷ ಮಂಚದಿಂದ ಕೆಳಗೆ ಇಳಿಬಿಟ್ಟು ಆಮೇಲೆ ಚುಚ್ಚಿದರೆ ಹೆಚ್ಚಿನವರಲ್ಲಿ ಹನಿ ಬರುತ್ತದೆ. ಒದ್ದೆ ಬೆರಳು, ಆರದ ಸ್ಪಿರಿಟ್ಟು ಎರಡೂ ಅಳತೆ ಕೆಡಿಸುತ್ತವೆ.

ಸಂಖ್ಯೆಯ ಪಕ್ಕದಲ್ಲಿ ಕೆಲವೊಮ್ಮೆ ಇಂಗ್ಲಿಷಿನ ಸಿ ಅಕ್ಷರ ಕಾಣುತ್ತದೆ. ಬಹಳ ಮಂದಿ ಅದನ್ನು ಗಮನಿಸುವುದೇ ಇಲ್ಲ. ಬೆರಳು ಒದ್ದೆಯಿತ್ತು, ಇಲ್ಲವೇ ರಕ್ತದಲ್ಲಿ ಕೆಂಪುಕಣಗಳ ಪಾಲು ತೀರ ಕಡಿಮೆಯಿದೆ ಎಂದು ಅದರ ಅರ್ಥ. ಕೆಂಪುಕಣಗಳ ಪಾಲು ಶೇಕಡ 25ರಿಂದ 55ರ ನಡುವೆ ಇದ್ದರೆ ಮಾತ್ರ ಮೀಟರಿನ ಮಾತು ನಂಬಬಹುದು. ಶೇಕಡ 25 ಎಂದರೆ ಹಿಮೋಗ್ಲೋಬಿನ್ ಸುಮಾರು 8. ಮೊದಲೇ ರಕ್ತಹೀನತೆ ಇರುವ ಹೆಣ್ಣುಮಕ್ಕಳು, ಹೊಟ್ಟೆಯೊಳಗೆ ಸದ್ದಿಲ್ಲದೆ ರಕ್ತ ಸೋರುತ್ತಿರುವ ವಯಸ್ಸಾದವರು ಈ ಗೆರೆಯ ಹತ್ತಿರವೇ ಇರುತ್ತಾರೆ. ಅಂದರೆ ಸಂಖ್ಯೆ ನಿಖರವಾಗಿ ಬೇಕಾದವರಿಗೇ ಅದು ಸಿಗದೆ ಹೋಗಬಹುದು. ಕೈ ಒರೆಸಿ ಮತ್ತೊಮ್ಮೆ ಮಾಡಿದರೂ ಸಿ ಕಂಡರೆ ಮೂರನೆಯ ಪಟ್ಟಿ ಹಾಳುಮಾಡಬೇಡಿ, ಲ್ಯಾಬಿಗೆ ಹೋಗಿ. ಲೂಪಸ್ ಅಥವಾ ಆಂಟಿಫಾಸ್ಫೋಲಿಪಿಡ್ ಕಾಯಿಲೆ ಇರುವವರಲ್ಲಿ ಮೀಟರ್ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅವರು ಇದನ್ನು ಕೊಳ್ಳುವ ಮುಂಚೆಯೇ ವೈದ್ಯರನ್ನು ಕೇಳಬೇಕು.

ಎರಡನೆಯ ಕೊರತೆ ಮೇಲಿನ ಸಂಖ್ಯೆಗಳದು. ಪರದೆ 0.8ರಿಂದ 8.0ರವರೆಗೆ ತೋರಿಸುತ್ತದೆ ನಿಜ, ಆದರೆ ಗುರಿಯ ಆಸುಪಾಸಿನಲ್ಲಿ ಇರುವ ಗಟ್ಟಿತನ ಮೇಲೆ ಹೋದಂತೆ ಉಳಿಯುವುದಿಲ್ಲ. 2018ರಲ್ಲಿ ಅಮೆರಿಕದಲ್ಲಿ ಇದೇ ಮೀಟರಿನ ಪಟ್ಟಿಗಳನ್ನು, 11 ಲಕ್ಷಕ್ಕೂ ಹೆಚ್ಚು ಪ್ಯಾಕೆಟ್ಟುಗಳನ್ನು, ಹಿಂದಕ್ಕೆ ಪಡೆಯಬೇಕಾಯಿತು. ಹೊಸ ಅಂತರರಾಷ್ಟ್ರೀಯ ಮಾನದಂಡಕ್ಕೆ ಹೊಂದಿಸುವಾಗ 4.5ಕ್ಕಿಂತ ಮೇಲಿನ ಫಲಿತಾಂಶಗಳು ತಪ್ಪಾಗಿ ಬರುತ್ತಿದ್ದವು. ಆಮೇಲೆ ಪಟ್ಟಿಗಳನ್ನು ಸರಿಪಡಿಸಿದರು. ಪಾಠ ಮಾತ್ರ ಹಳೆಯದೇ: 4.5 ದಾಟಿದ ಸಂಖ್ಯೆಯನ್ನು ಎಚ್ಚರಿಕೆಯ ಗಂಟೆ ಎಂದು ತಿಳಿಯಿರಿ, ಡೋಸ್ ಲೆಕ್ಕ ಹಾಕುವ ಸಂಖ್ಯೆ ಎಂದಲ್ಲ. ಅವತ್ತೇ ಲ್ಯಾಬಿನಲ್ಲಿ ನರದಿಂದ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಬೇಕು, ವೈದ್ಯರಿಗೆ ಫೋನ್ ಮಾಡಬೇಕು. ಕೆಳಗೆ, 2-3ರ ನಡುವೆ, ಲ್ಯಾಬಿನದು 2.4 ಎಂದು ಮೀಟರಿನದು 2.8 ಎಂದು ಬಂದರೆ ಅದು ದೋಷವಲ್ಲ. ಅಷ್ಟು ವ್ಯತ್ಯಾಸ ಎರಡು ಲ್ಯಾಬುಗಳ ನಡುವೆಯೂ ಬರುತ್ತದೆ.

ಮೂರನೆಯದು ಹವೆ. ಮೀಟರ್ ಕೆಲಸ ಮಾಡುವುದು 18ರಿಂದ 32 ಡಿಗ್ರಿಯ ಕೋಣೆಯಲ್ಲಿ. ಪಟ್ಟಿ ಇಡಬೇಕಾದ್ದು 2ರಿಂದ 30 ಡಿಗ್ರಿಯಲ್ಲಿ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನ ಕಲಬುರಗಿ, ರಾಯಚೂರಿನ ಮನೆಗಳಲ್ಲಿ ಮೀಟರ್ ಶಾಖದ ಚಿಹ್ನೆ ತೋರಿಸಿ ಮುಷ್ಕರ ಹೂಡುತ್ತದೆ. ಡಿಸೆಂಬರಿನ ಬೆಳಗಿನ ಜಾವ ಮಡಿಕೇರಿಯಲ್ಲಿ ಚಳಿಗೂ ಅದೇ ಹಟ. ಬಿಸಿಲೂರುಗಳಲ್ಲಿ ಪಟ್ಟಿ ಡಬ್ಬಿ ಫ್ರಿಜ್ಜಿನ ಬಾಗಿಲಲ್ಲಿರಲಿ, ಫ್ರೀಜರಿನಲ್ಲಿ ಬೇಡ, ಅಳೆಯುವುದು ಬೆಳಗ್ಗೆ ಇರಲಿ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಶತ್ರು ತೇವ. ಪಟ್ಟಿ ತೆಗೆದ ಕೂಡಲೇ ಡಬ್ಬಿ ಮುಚ್ಚಿ, ತೆಗೆದ ಪಟ್ಟಿಯನ್ನು 10 ನಿಮಿಷದೊಳಗೆ ಬಳಸಿ. ನಾಲ್ಕು ಸಣ್ಣ ಬ್ಯಾಟರಿಗಳನ್ನು ಬದಲಿಸಿದಾಗ ದಿನಾಂಕ ಸರಿಯಿದೆಯೇ ನೋಡಿಕೊಳ್ಳಿ. ತಪ್ಪಿದ್ದರೆ ಅವಧಿ ಮುಗಿಯದ ಪಟ್ಟಿಯನ್ನೂ ಮೀಟರ್ ಒಲ್ಲೆ ಎನ್ನುತ್ತದೆ.

ಲ್ಯಾಬು ಹಾಗಾದರೆ ತಪ್ಪೇ ಮಾಡುವುದಿಲ್ಲವೇ? ಮಾಡುತ್ತದೆ. ನೀಲಿ ಮುಚ್ಚಳದ ಟ್ಯೂಬಿನಲ್ಲಿ ಸಿಟ್ರೇಟ್ ದ್ರವ ಮೊದಲೇ ಇರುತ್ತದೆ. ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ ಎಂಬುದು ಲೆಕ್ಕ. ಗೆರೆಯವರೆಗೆ ರಕ್ತ ತುಂಬದೆ ಅರ್ಧಕ್ಕೇ ನಿಲ್ಲಿಸಿದರೆ ಐಎನ್‌ಆರ್ ಸುಳ್ಳೇ ಹೆಚ್ಚು ಬರುತ್ತದೆ. ನೀರಾರಿದ ರೋಗಿಯ ನರ ಸಿಗದೆ ಅರೆಬರೆ ತುಂಬಿದ ಟ್ಯೂಬು ಕಳಿಸುವುದು ಅಪರೂಪವಲ್ಲ. ಕೊಡುವಾಗ ಗೆರೆ ನೋಡಿ. ವರದಿಯಲ್ಲಿ ಪ್ರೋಥ್ರಾಂಬಿನ್ ಸಮಯದ ಸೆಕೆಂಡುಗಳೂ ಇರುತ್ತವೆ, ಅವು ಲ್ಯಾಬಿನಿಂದ ಲ್ಯಾಬಿಗೆ ಬದಲಾಗುತ್ತವೆ. ಹೋಲಿಸಬೇಕಾದ್ದು ಐಎನ್‌ಆರ್ ಮಾತ್ರ. ಲ್ಯಾಬಿನ ದೊಡ್ಡ ದೋಷ ತಾಂತ್ರಿಕವಲ್ಲ, ದೂರದ್ದು: 102 ಡಿಗ್ರಿ ಜ್ವರವಿರುವವರನ್ನು ತಾಲ್ಲೂಕು ಕೇಂದ್ರಕ್ಕೆ ಬಸ್ಸಿನಲ್ಲಿ ಕರೆದೊಯ್ದು, ಸಂಜೆ ವರದಿಗೆ ಮತ್ತೆ ಹೋಗುವುದು. ಹಾಗಾಗಿಯೇ ಜನ ಜ್ವರ ಬಿಟ್ಟ ಮೇಲೆ ಹೋದರಾಯಿತು ಎಂದು ಕಾಯುತ್ತಾರೆ, ಅಷ್ಟರಲ್ಲಿ ಐಎನ್‌ಆರ್ ಏರಿ ಕೂತಿರುತ್ತದೆ.

ಪಟ್ಟಿಯನ್ನು ಯಾವ ದಿನ ಬಳಸಬೇಕು ಎಂಬುದು ಮೀಟರಿನ ಕೈಪಿಡಿಯಲ್ಲಿಲ್ಲ. ಜ್ವರ ಬಂದ ದಿನವೇ ಅಳೆದು 2.7 ಕಂಡು ನೆಮ್ಮದಿಯಾಗಿ ಮಲಗಿಬಿಡುವುದು ಎಲ್ಲರೂ ಮಾಡುವ ತಪ್ಪು. ಇವತ್ತಿನ ಐಎನ್‌ಆರ್ ಹೇಳುವುದು ಕಳೆದ ಎರಡು-ಮೂರು ದಿನದ ಮಾತ್ರೆ ಮತ್ತು ಊಟದ ಕಥೆಯನ್ನು. 7ನೆಯ ಅಂಶದ ಅರ್ಧಾಯುಷ್ಯ 6 ಗಂಟೆಯ ಹತ್ತಿರ, 2ನೆಯದ್ದು 60 ಗಂಟೆಗೂ ಮೇಲೆ. ಆದ್ದರಿಂದ ಏರಿಕೆ ಮೆಲ್ಲಗೆ ಶುರುವಾಗಿ ಮೂರನೆಯ, ನಾಲ್ಕನೆಯ ದಿನಕ್ಕೆ ನಿಚ್ಚಳವಾಗುತ್ತದೆ. ಮೊದಲ ದಿನದ ಪಟ್ಟಿಯನ್ನು ಎಲ್ಲಿಂದ ಹೊರಟೆವು ಎಂದು ತಿಳಿಯಲು ಬಳಸಿ, ಅಷ್ಟೇ. ಊಟ ಅರ್ಧಕ್ಕಿಂತ ಕಡಿಮೆಯಾಗಿ ಎರಡು ದಿನವಾದರೆ, ಅಥವಾ ಆಂಟಿಬಯಾಟಿಕ್ ಶುರುವಾಗಿ ಮೂರು ದಿನವಾದರೆ, ಎರಡನೆಯ ಪಟ್ಟಿ. ಆಮೇಲೆ ಮೂರು-ನಾಲ್ಕು ದಿನಕ್ಕೊಂದು. ಅಳೆಯುವುದು ಬೆಳಗ್ಗೆ, ಮಾತ್ರೆ ಸಂಜೆ ಎಂದಿಟ್ಟುಕೊಂಡರೆ ನಡುವೆ ವೈದ್ಯರನ್ನು ಕೇಳಿ ಅವತ್ತಿನ ಡೋಸನ್ನೇ ಬದಲಿಸಲು ಸಮಯ ಸಿಗುತ್ತದೆ.

ಮೀಟರ್ ಜೊತೆಗೆ ಒಂದು ನೋಟುಬುಕ್ಕು ಬೇಕು. ಮೀಟರ್ ಹಳೆಯ ಫಲಿತಾಂಶಗಳನ್ನು ದಿನಾಂಕ ಸಮೇತ ಉಳಿಸಿಕೊಳ್ಳುತ್ತದೆ, ಆದರೆ ಅವತ್ತು ಏನು ತಿಂದಿರಿ ಎಂಬುದು ಅದಕ್ಕೆ ಗೊತ್ತಿಲ್ಲ. ದಿನಕ್ಕೊಂದು ಸಾಲು ಸಾಕು: ಮಾತ್ರೆ ಎಷ್ಟು ಮಿಲಿಗ್ರಾಂ, ಊಟ ಪೂರ್ತಿಯೋ ಅರ್ಧವೋ ಗಂಜಿಯೋ, ಸೊಪ್ಪು ತಿಂದದ್ದುಂಟೋ, ಭೇದಿ ಎಷ್ಟು ಸಲ, ಹೊಸ ಔಷಧ ಯಾವುದು. ಫೋನಿನಲ್ಲಿ ಈ ಐದು ಸಂಗತಿ ಹೇಳಿದರೆ ವೈದ್ಯರು ಎರಡು ನಿಮಿಷದಲ್ಲಿ ತೀರ್ಮಾನಿಸಬಲ್ಲರು. ಬರಿಯ 4.1 ಎಂದರೆ ಅವರೂ ಊಹಿಸಬೇಕಾಗುತ್ತದೆ.

ಹೊಸ ಔಷಧದ ಮಾತು ಬಂತು. ಕಾಯಿಲೆಯ ವಾರದಲ್ಲಿ ಐಎನ್‌ಆರ್ ಏರಿಸುವುದರಲ್ಲಿ ಗಂಜಿಯಷ್ಟೇ ದೊಡ್ಡ ಕೈವಾಡ ಮೆಡಿಕಲ್ ಶಾಪಿನದು. ಭೇದಿಗೆಂದು ಕೇಳಿದೊಡನೆ ಸಿಗುವ ಆಫ್ಲಾಕ್ಸಸಿನ್-ಆರ್ನಿಡಜೋಲ್ ಜೋಡಿ ಮಾತ್ರೆ, ಮೆಟ್ರೊನಿಡಜೋಲ್, ಮೂತ್ರದ ಉರಿಗೆ ಕೊಡುವ ಕೋಟ್ರೈಮೋಕ್ಸಜೋಲ್, ಬಾಯಿಹುಣ್ಣು-ಹುಳುಕಡ್ಡಿಗೆ ಕೊಡುವ ಫ್ಲುಕೊನಜೋಲ್ ಇವು ವಾರ್ಫರಿನ್ ಕರಗಿಹೋಗುವುದನ್ನು ತಡೆದು ಅದೇ ಡೋಸಿನ ಬಲ ಹೆಚ್ಚಿಸುತ್ತವೆ. ಬಾಯಿಗೆ ಹಚ್ಚುವ ಮೈಕೊನಜೋಲ್ ಜೆಲ್ ಕೂಡ ಸಾಕು. ಅಜಿತ್ರೋಮೈಸಿನ್, ಲೆವೊಫ್ಲಾಕ್ಸಸಿನ್ ನುಂಗಿದವರೂ ಮೂರನೆಯ ದಿನ ಅಳೆಯಲೇಬೇಕು. ಜ್ವರಕ್ಕೆ ಪ್ಯಾರಾಸಿಟಮಾಲೇ ಇರುವುದರಲ್ಲಿ ಸುರಕ್ಷಿತ, ಅದಕ್ಕೂ ಲೆಕ್ಕವಿದೆ: ಡೋಲೋ 650 ದಿನಕ್ಕೆ ನಾಲ್ಕು ನುಂಗಿದರೆ 2.6 ಗ್ರಾಂ. ದಿನಕ್ಕೆ 2 ಗ್ರಾಂ ಮೀರಿ ಹಲವು ದಿನ ನಡೆದರೆ ಐಎನ್‌ಆರ್ ಏರುವುದು ಅಧ್ಯಯನಗಳಲ್ಲಿ ಕಂಡದ್ದೇ. ಮೈಕೈ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್, ಮೆಫೆನಮಿಕ್ ಆಸಿಡ್ ಇರುವ ಯಾವುದೂ ಬೇಡ. ಇವು ಐಎನ್‌ಆರ್ ಏರಿಸದೆಯೂ ಜಠರದಲ್ಲಿ ರಕ್ತ ಸೋರಿಸಬಲ್ಲವು, ಮೀಟರಿನಲ್ಲಿ ಅದು ಕಾಣುವುದೇ ಇಲ್ಲ. ಕಾಂಬಿಫ್ಲಾಮ್‌ನಂಥ ಜೋಡಿ ಮಾತ್ರೆಯಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೆನ್ ಅಡಗಿರುತ್ತದೆ, ಮಾತ್ರೆ ಹಾಳೆಯ ಹಿಂಬದಿ ಓದಿ. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಮಾತ್ರ ಇದಕ್ಕೆ ತದ್ವಿರುದ್ಧ, ಐಎನ್‌ಆರ್ ಅನ್ನು ನೆಲಕ್ಕಿಳಿಸುತ್ತದೆ.

ಡೆಂಗಿಯ ಅನುಮಾನವಿದ್ದರೆ ಮೀಟರನ್ನು ಬದಿಗಿಡಿ. ಅಲ್ಲಿ ಬೀಳುವುದು ಪ್ಲೇಟ್‌ಲೆಟ್. ಐಎನ್‌ಆರ್ 2.5 ಇದ್ದರೂ ಪ್ಲೇಟ್‌ಲೆಟ್ ಕುಸಿದಿದ್ದರೆ ರಕ್ತಸ್ರಾವದ ಅಪಾಯ ಬೇರೆಯೇ ಮಟ್ಟದ್ದು. ಮಾತ್ರೆ ಮುಂದುವರಿಸಬೇಕೇ, ಹೆಪಾರಿನ್‌ಗೆ ಬದಲಿಸಬೇಕೇ ಎಂಬುದು ಆಸ್ಪತ್ರೆಯಲ್ಲಿ ತೀರ್ಮಾನವಾಗಬೇಕಾದ ಸಂಗತಿ. ಹಾಗೆಯೇ ತಲೆಗೆ ಪೆಟ್ಟು, ಹಿಂದೆಂದೂ ಇಲ್ಲದ ತಲೆನೋವು, ಒಂದು ಬದಿಯ ಕೈಕಾಲು ಸೋಲುವುದು, ಡಾಂಬರಿನಂಥ ಕಪ್ಪು ಮಲ, ಕೆಂಪು ಮೂತ್ರ, ಹತ್ತು ನಿಮಿಷ ಒತ್ತಿ ಹಿಡಿದರೂ ನಿಲ್ಲದ ಮೂಗಿನ ರಕ್ತ, ಇವಕ್ಕೆ ಪಟ್ಟಿ ತೂರಿಸುತ್ತ ಕೂರಬಾರದು. ಕವಾಟದ ಟಿಕ್ ಟಿಕ್ ಸದ್ದು ಮಂಕಾಗಿ ಏದುಸಿರು ಬಂದರೂ ಅಷ್ಟೆ, ಅದು ಕವಾಟದಲ್ಲಿ ಹೆಪ್ಪುಗಟ್ಟಿದ ಲಕ್ಷಣ ಇರಬಹುದು.

ಸಂಖ್ಯೆ ಏರಿದೆ ಎಂದು ತಿಳಿದ ಮೇಲೆ ಮನೆಯಲ್ಲಿ ನಡೆಯುವ ಎಡವಟ್ಟುಗಳು ಎರಡು. ಒಂದು, ಹೇಳದೆ ಕೇಳದೆ ಮಾತ್ರೆ ಪೂರ್ತಿ ನಿಲ್ಲಿಸಿಬಿಡುವುದು. ಅಸಿಟ್ರೋಂನ ಪರಿಣಾಮ ಎರಡು-ಮೂರು ದಿನದಲ್ಲೇ ಇಳಿದುಹೋಗುತ್ತದೆ, ವಾರ್ಫರಿನ್‌ನದು ಸುಮಾರು ಐದು ದಿನಕ್ಕೆ. ಲೋಹದ ಕವಾಟಕ್ಕೆ ಆ ಬರಿಗೈ ದಿನಗಳು ಅಪಾಯದವು. ಇನ್ನೊಂದು, ವಿಟಮಿನ್ ಕೆ ಇಂಜೆಕ್ಷನ್ ಹಾಕಿಸಿಬಿಡುವುದು. ರಕ್ತಸ್ರಾವವಿಲ್ಲದೆ ಐಎನ್‌ಆರ್ 4.5ರಿಂದ 10ರ ನಡುವೆ ಇದ್ದರೆ ವಿಟಮಿನ್ ಕೆ ವಾಡಿಕೆಯಾಗಿ ಬೇಡ ಎಂದೇ 2012ರ ಅಮೆರಿಕದ ಎದೆರೋಗ ತಜ್ಞರ ಮಾರ್ಗಸೂಚಿ ಹೇಳುತ್ತದೆ. ಒಂದೆರಡು ಡೋಸ್ ತಪ್ಪಿಸಿ ಮತ್ತೆ ಅಳೆಯುವುದೇ ರೂಢಿ, ಅದೂ ವೈದ್ಯರ ಮಾತಿನ ಮೇಲೆ. 10 ಮಿಲಿಗ್ರಾಂ ಇಂಜೆಕ್ಷನ್ ಬಿದ್ದರೆ ಆಮೇಲೆ ದಿನಗಟ್ಟಲೆ ಮಾತ್ರೆ ಹಿಡಿಯುವುದೇ ಇಲ್ಲ. ವಾಂತಿಯಲ್ಲಿ ಮಾತ್ರೆ ಹೊರಬಿದ್ದರೆ ಇನ್ನೊಂದು ನುಂಗಬೇಕೇ ಎಂದು ಕೇಳಿ. ಮರುದಿನ ಎರಡೆರಡು ನುಂಗಿ ಸರಿದೂಗಿಸುವುದು ಬೇಡ.

ಡೋಸ್ ಬದಲಿಸುವಾಗ ವೈದ್ಯರು ನೋಡುವುದು ವಾರದ ಮೊತ್ತವನ್ನು, ಸಾಮಾನ್ಯವಾಗಿ ಶೇಕಡ 5ರಿಂದ 20ರೊಳಗೆ ಹೆಚ್ಚುಕಡಿಮೆ ಮಾಡುತ್ತಾರೆ. ದಿನಕ್ಕೆ 2 ಮಿಲಿಗ್ರಾಂ ಅಸಿಟ್ರೋಂ ಎಂದರೆ ವಾರಕ್ಕೆ 14. ವಾರದಲ್ಲಿ ಒಂದು ದಿನ 1 ಮಿಲಿಗ್ರಾಂ ಮಾಡಿದರೆ ಶೇಕಡ 7 ಕಡಿಮೆ, ಎರಡು ದಿನ ಮಾಡಿದರೆ ಶೇಕಡ 14. ಮಂಗಳವಾರ, ಶುಕ್ರವಾರ ಅರ್ಧ ಎಂದು ಅವರು ಹೇಳುವುದರ ಹಿಂದಿನ ಲೆಕ್ಕ ಇದು. ದಿನವೂ ಒಂದೊಂದು ಬಗೆ ಏಕೆ ಎಂದು ಗೊಂದಲಪಟ್ಟು ಎಲ್ಲ ದಿನವೂ 1 ಮಿಲಿಗ್ರಾಂ ಮಾಡಿಕೊಂಡರೆ ಅರ್ಧಕ್ಕರ್ಧ ಕಡಿತವಾಗುತ್ತದೆ.

ಈ ಮೀಟರ್ ಯಾರಿಗೆ ಬೇಡ ಎಂಬುದನ್ನೂ ಹೇಳಿಬಿಡಬೇಕು. ರಿವರಾಕ್ಸಬಾನ್, ಅಪಿಕ್ಸಬಾನ್, ಡಾಬಿಗಾಟ್ರಾನ್ ನುಂಗುವವರಿಗೆ ಇದರಿಂದ ಮೂರುಕಾಸಿನ ಪ್ರಯೋಜನವಿಲ್ಲ, ಬಂದ ಸಂಖ್ಯೆಗೆ ಅರ್ಥವೂ ಇಲ್ಲ. ಆದರೆ ಊಟ ಬಿಟ್ಟ ವಾರ ಅವರನ್ನೂ ಕಾಡುತ್ತದೆ, ಬೇರೆ ದಾರಿಯಲ್ಲಿ. ರಿವರಾಕ್ಸಬಾನ್ 15 ಮತ್ತು 20 ಮಿಲಿಗ್ರಾಂ ಮಾತ್ರೆಗಳನ್ನು ಊಟದ ಜೊತೆಯೇ ನುಂಗಬೇಕು. 20ರ ಮಾತ್ರೆ ಖಾಲಿ ಹೊಟ್ಟೆಯಲ್ಲಿ ಮೂರರಲ್ಲಿ ಎರಡು ಪಾಲಷ್ಟೇ ರಕ್ತಕ್ಕೆ ಸೇರುತ್ತದೆ. ಒಂದು ಲೋಟ ಮಜ್ಜಿಗೆಯ ಮೇಲೆ ನುಂಗಿ ಊಟದ ಜೊತೆ ನುಂಗಿದೆ ಎಂದುಕೊಳ್ಳಬಾರದು. ಡಾಬಿಗಾಟ್ರಾನ್ ಶೇಕಡ 80ರಷ್ಟು ಮೂತ್ರಪಿಂಡದಿಂದಲೇ ಹೊರಹೋಗುವುದರಿಂದ ಭೇದಿಯಾಗಿ ನೀರಾರಿ ಮೂತ್ರ ಕಡಿಮೆಯಾದರೆ ರಕ್ತದಲ್ಲೇ ಉಳಿದು ಕೂಡುತ್ತ ಹೋಗುತ್ತದೆ. ನುಂಗಲಾಗದೆಂದು ಅದರ ಕ್ಯಾಪ್ಸೂಲನ್ನು ಬಿಡಿಸಿ ಗಂಜಿಗೆ ಸುರಿದುಕೊಂಡರೆ ಹೀರಿಕೆ ವಿಪರೀತ ಹೆಚ್ಚುತ್ತದೆ. ಇವರಿಗೆ ಬೇಕಾದ ಪರೀಕ್ಷೆ ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್, ಐಎನ್‌ಆರ್ ಅಲ್ಲ.

ಕೊಂಡವರು ಪೂರ್ತಿ ಲಾಭ ಪಡೆಯುತ್ತಾರೆಯೇ? ಮನೆಯಲ್ಲೇ ಅಳೆದುಕೊಳ್ಳುವವರ 28 ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ಕಾಕ್ರೇನ್ ವಿಮರ್ಶೆಯಲ್ಲಿ ಹೆಪ್ಪುಗಟ್ಟುವ ಅವಘಡಗಳು ಗಣನೀಯವಾಗಿ ಕಡಿಮೆಯಾಗಿದ್ದವು, ದೊಡ್ಡ ರಕ್ತಸ್ರಾವಗಳು ಮಾತ್ರ ಕಡಿಮೆಯಾಗಲಿಲ್ಲ. ಮೀಟರ್ ಇದ್ದರೂ ಹೆಚ್ಚಿನ ಸಂಖ್ಯೆ ಕಂಡ ದಿನ ಫೋನ್ ಮಾಡದಿದ್ದರೆ, ನೋವಿನ ಮಾತ್ರೆ ನುಂಗಿದರೆ ಅದು ಕಾಪಾಡುವುದಿಲ್ಲ. ಮನೆಯಲ್ಲಿ ಇನ್ನೊಬ್ಬರಿಗೆ ಇದನ್ನು ಬಳಸಲು ಕಲಿಸಿರಬೇಕು. 103 ಜ್ವರದಲ್ಲಿ ನಡುಗುವ ಕೈ ತನ್ನ ಬೆರಳನ್ನು ತಾನೇ ಚುಚ್ಚಿಕೊಂಡು 15 ಸೆಕೆಂಡಿನ ಲೆಕ್ಕ ಪಾಲಿಸುವುದು ಆಗದ ಮಾತು.

ಪಟ್ಟಿಗಳ ಖರ್ಚು ಮೀಟರಿಗಿಂತ ಹೆಚ್ಚಾಗಿ ಕಚ್ಚುತ್ತದೆ. 24ರ ಡಬ್ಬಿ ತೆಗೆದುಕೊಂಡರೆ ತಿಂಗಳಿಗೊಂದರಂತೆ 12, ಎರಡು ಕಾಯಿಲೆಗೆ ನಾಲ್ಕೈದರಂತೆ 8ರಿಂದ 10, ಕೆಟ್ಟುಹೋಗುವುದಕ್ಕೆ ಎರಡು. ವರ್ಷಕ್ಕೆ ಸರಿಹೋಯಿತು. ಕೊಳ್ಳುವಾಗ ಅವಧಿ ಇನ್ನೂ ಒಂದು ವರ್ಷವಾದರೂ ಉಳಿದಿದೆಯೇ ನೋಡಿ. ನವರಾತ್ರಿಯ ಒಂಬತ್ತು ದಿನ ಬರೀ ಹಣ್ಣು-ಹಾಲಿನಲ್ಲಿ ಇರುವವರು ಇನ್ನೆರಡು ಪಟ್ಟಿ ಕೂಡಿಸಿಕೊಳ್ಳಿ. ಒಂದು ದಿನದ ಏಕಾದಶಿಗೆ ಬೇಕಿಲ್ಲ.

ಕಾಯಿಲೆಯ ನಾಲ್ಕೈದು ಪಟ್ಟಿಗಳಲ್ಲಿ ಕೊನೆಯದನ್ನು ಜನ ಉಳಿಸಿಬಿಡುತ್ತಾರೆ, ಜ್ವರ ಬಿಟ್ಟಿತಲ್ಲ ಎಂದು. ಆದರೆ ಡೋಸ್ ಕಡಿಮೆ ಮಾಡಿದ್ದು ಗಂಜಿಯ ದಿನಕ್ಕೆ. ಬಾಯಿರುಚಿ ಬಂದು, ನಿತ್ರಾಣ ಕಳೆಯಲಿ ಎಂದು ಮನೆಯವರು ನುಗ್ಗೆ ಸೊಪ್ಪಿನ ಪಲ್ಯ, ಸೊಪ್ಪಿನ ಸಾರು ಬಡಿಸಲು ಶುರುಮಾಡಿ, ಜೊತೆಗೆ ಡಬ್ಬದ ಪೌಷ್ಟಿಕ ಪುಡಿಯನ್ನೂ ದಿನಕ್ಕೆರಡು ಲೋಟ ಕೊಟ್ಟರೆ (ಅಂಥ ಪುಡಿಗಳಲ್ಲಿ ಸಾಮಾನ್ಯವಾಗಿ ವಿಟಮಿನ್ ಕೆ ಸೇರಿಸಿರುತ್ತಾರೆ, ಲೇಬಲ್ ಓದಿ), ಐಎನ್‌ಆರ್ ಎರಡು-ಮೂರು ದಿನದಲ್ಲಿ ಗುರಿಗಿಂತ ಕೆಳಗಿಳಿಯುತ್ತದೆ. ಆಂಟಿಬಯಾಟಿಕ್ ಮುಗಿದದ್ದೂ ಅದೇ ದಿಕ್ಕಿಗೆ ತಳ್ಳುತ್ತದೆ. ಪೂರ್ತಿ ಊಟ ಶುರುವಾದ ನಾಲ್ಕನೆಯ ಬೆಳಗ್ಗೆ ಒಂದು ಪಟ್ಟಿ, ಅದಾಗಿ ವಾರಕ್ಕೆ ಮತ್ತೊಂದು. 1.7 ಎಂದು ಬಂದರೆ ಅವತ್ತೇ ಫೋನ್ ಮಾಡಿ ಹಳೆಯ ಡೋಸಿಗೆ ಮರಳುವುದು ಯಾವಾಗ ಎಂದು ಕೇಳಿ.